ಸವಳುಮಣ್ಣಿನ ಗಾಜು

ಕಡಲಾಚೆಯ ಮಕ್ಕಳೇ, ರಜೆಗೆ ಬೆಂಗಳೂರಿಗೆ ಬಂದಾಗ ಶಿವಾಜಿನಗರದ ಅಂಗಡಿಗಳಲ್ಲಿ ಅಜ್ಜಿ ಕೊಡಿಸುವ ಗಾಜಿನ ಬಳೆಗಳು ಇಂದು ಬಹುಮಟ್ಟಿಗೆ ಉತ್ತರದ ಫಿರೋಜಾಬಾದಿನಿಂದ ಬರುವವಾದರೂ, ಈ ಕಲೆ ಕನ್ನಡನಾಡಿಗೆ ಹೊಸತೇನೂ ಅಲ್ಲ. 1947ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವ್ಹೀಲರ್ ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದಾಗ, ಸುಮಾರು ಎರಡು ಸಾವಿರ ವರ್ಷ ಪ್ರಾಚೀನವಾದ ಸ್ತರಗಳಲ್ಲಿ ಗಾಜಿನ ಮಣಿಗಳೂ ಬಳೆಯ ಚೂರುಗಳೂ ದೊರೆತವು.

ಆ ಕಾಲದಲ್ಲಿ ರೋಮ್ ಸಾಮ್ರಾಜ್ಯದೊಡನೆ ನಮ್ಮವರಿಗೆ ವಾಣಿಜ್ಯವಿದ್ದಿತು. ಬೆಂಗಳೂರಿನ ಇಂದಿರಾನಗರದ ನೆರೆಯ ಎಚ್.ಎ.ಎಲ್. ಪ್ರದೇಶದಲ್ಲಿಯೇ 1965ರಲ್ಲಿ ರೋಮನ್ ಬೆಳ್ಳಿನಾಣ್ಯಗಳ ನಿಧಿಯೊಂದು ಸಿಕ್ಕಿದೆ. ಕಚ್ಚಾ ಗಾಜೂ ಪಶ್ಚಿಮದಿಂದ ಹಡಗೇರಿ ನಮ್ಮ ಕರಾವಳಿಗೆ ಬರುತ್ತಿದ್ದಿತೆಂದು ‘ಪೆರಿಪ್ಲಸ್’ ಎಂಬ ಗ್ರೀಕ್ ನಾವಿಕಗ್ರಂಥ ಹೇಳುತ್ತದೆ. ಹಾಗಾದರೆ ಮಣ್ಣಿನಿಂದೆದ್ದು ಬಂದ ಮಣಿಯೊಂದು ನಮ್ಮದೋ ಪರದೇಶದ್ದೋ ಎಂದು ನಿರ್ಣಯಿಸುವ ಬಗೆ ಹೇಗೆ?

ಅದನ್ನು ರಸಾಯನಶಾಸ್ತ್ರ ಹೇಳುತ್ತದೆ. ಬೆಣಚುಕಲ್ಲು ತಾನೊಂದೇ ಕರಗಬೇಕಾದರೆ ಸುಮಾರು 1,700 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು. ಸೌದೆಯ ಕುಲುಮೆಗೆ ಅದು ಅಸಾಧ್ಯ. ಕ್ಷಾರವನ್ನು ಬೆರೆಸಿದರೆ ಸಾವಿರದ ಆಸುಪಾಸಿನಲ್ಲಿಯೇ ಅದು ಗಾಜಾಗಿ ಹರಿಯುತ್ತದೆ. ರೋಮನರು ಈಜಿಪ್ಟಿನ ನೇಟ್ರಾನ್ ಎಂಬ ಖನಿಜಕ್ಷಾರವನ್ನು ಬಳಸಿದರು. ನಮ್ಮವರಾದರೋ ಬೇಸಗೆಯಲ್ಲಿ ನೆಲದ ಮೇಲೆ ಬೆಳ್ಳಗೆ ಉಬ್ಬಿಬರುವ ಸವಳನ್ನು ಗುಡಿಸಿ ತಂದರು. ನಮ್ಮ ಸವಳಿನಲ್ಲಿಯೂ ಮರಳಿನಲ್ಲಿಯೂ ಬೆರೆತಿರುವ ಅಲ್ಯುಮಿನಾ ಎಂಬ ಖನಿಜಾಂಶ ಗಾಜಿನಲ್ಲಿ ಹಾಗೆಯೇ ಉಳಿದುಬಿಡುತ್ತದೆ. ರೋಮನ್ ಗಾಜಿನಲ್ಲಿ ಅದರ ಅಂಶ ಅಲ್ಪ, ದಕ್ಷಿಣಭಾರತದ ಅನೇಕ ಮಣಿಗಳಲ್ಲಿ ಅಧಿಕ. ಕಲ್ಮಷವೆಂದು ಕುಶಲಕರ್ಮಿ ಶಪಿಸಿರಬಹುದಾದ ವಸ್ತುವೇ ಇಂದು ಅವನ ರುಜುವಾತಾಗಿದೆ.

ಈ ವಿದ್ಯೆ ಬಹುಕಾಲ ಬಾಳಿತು. 1800–1801ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಈಗಿನ ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಬಳೆಗಾರರು ಬೆಣಚುಕಲ್ಲಿನ ಪುಡಿಗೆ ಸವಳನ್ನು ಕೂಡಿಸಿ ಗಾಜು ಕಾಯಿಸುತ್ತಿದ್ದ ಕ್ರಮವನ್ನು ಬರೆದಿಟ್ಟಿದ್ದಾನೆ. ಈಸ್ಟ್ ಇಂಡಿಯಾ ಕಂಪೆನಿಯ ಸರ್ಕಾರಕ್ಕೆ ಈ ನಾಡಿನ ಉತ್ಪನ್ನಗಳೇನೆಂದು ತಿಳಿಸಲು ಬಂದವನು ಅವನು. ಆದರೂ ಆ ಶುಷ್ಕ ವರದಿಗೆ ನಾವು ಋಣಿಗಳು, ಏಕೆಂದರೆ ಬಳೆಗಾರರು ತಮ್ಮ ವಿದ್ಯೆಯನ್ನು ಓಲೆಯಲ್ಲಿ ಬರೆದಿಡದೆ ಕೈಯಿಂದ ಕೈಗೆ ದಾಟಿಸುತ್ತ ಬಂದವರು.

ರೋಮನ್ ಲೇಖಕ ಪ್ಲಿನಿ, ಭಾರತದಲ್ಲಿ ಸ್ಫಟಿಕದ ಚೂರುಗಳಿಂದ ಗಾಜು ಮಾಡುವರೆಂದೂ ಅದಕ್ಕೆ ಸಮಾನವಾದುದಿಲ್ಲವೆಂದೂ ಕೇಳಿದ್ದನ್ನು ಬರೆದಿದ್ದಾನೆ. ನಿಮ್ಮೂರಿನ ವಸ್ತುಸಂಗ್ರಹಾಲಯದಲ್ಲಿ ರೋಮನ್ ಗಾಜಿನ ಪಾತ್ರೆಗಳ ಮುಂದೆ ನಿಂತಾಗ, ಭಾರತದ ಮಣಿಗಳನ್ನು ಎಲ್ಲಿ ಇಟ್ಟಿದ್ದೀರೆಂದು ಅಲ್ಲಿಯವರನ್ನು ಸಂಕೋಚವಿಲ್ಲದೆ ಕೇಳಿರಿ.