ಮಕ್ಕಳ ಮಿತ್ರ ಸಂತ ನಿಕೋಲಾಸರು

ಆಗಮನ ಕಾಲವು ಆರಂಭವಾಯಿತೆಂದರೆ ನಮ್ಮ ಮನೆಗಳಲ್ಲಿ ಗೋದಲಿಯ ಸಿದ್ಧತೆ ತೊಡಗುತ್ತದೆ. ಹುಲ್ಲು, ಮಣ್ಣು, ಬಣ್ಣದ ಕಾಗದಗಳನ್ನು ಕೂಡಿಹಾಕುವ ಸಂಭ್ರಮದ ನಡುವೆಯೇ ಮಕ್ಕಳು ಕೇಳುವ ಪ್ರಶ್ನೆ ಒಂದೇ: ಈ ವರ್ಷ ಕ್ರಿಸ್ಮಸ್ ತಾತ ತಮಗೇನು ತರುವನು? ಕೆಂಪು ನಿಲುವಂಗಿ, ಬಿಳಿಯ ಗಡ್ಡ, ಬೆನ್ನಿಗೊಂದು ಮೂಟೆ. ಚಳ್ಳಕೆರೆಯ ಪೇಟೆಯಲ್ಲಾಗಲಿ ಮೊಳಕಾಲ್ಮೂರಿನ ಶಾಲೆಯಲ್ಲಾಗಲಿ ಈ ತಾತನನ್ನು ಗುರುತಿಸದ ಮಗುವಿಲ್ಲ. ಆದರೆ ಆ ವೇಷದ ಹಿಂದೆ ನಮ್ಮ ಧರ್ಮಸಭೆಯ ಧರ್ಮಾಧ್ಯಕ್ಷರೊಬ್ಬರು ನಿಂತಿದ್ದಾರೆಂಬುದನ್ನೂ, ಅವರ ಹೆಸರಿನೊಡನೆ ಬೆಸೆದುಕೊಂಡ ಮೊದಲ ಕೊಡುಗೆ ಆಟಿಕೆಯಾಗಿರಲಿಲ್ಲವೆಂಬುದನ್ನೂ ನಾವು ಮಕ್ಕಳಿಗೆ ಹೇಳುವುದು ಅಪರೂಪ. ಈ ಶತಮಾನೋತ್ಸವ ಸಂಚಿಕೆಯಲ್ಲಿ ಆ ಮಹನೀಯರ ಚರಿತ್ರೆಯನ್ನು ಸಂಕ್ಷೇಪವಾಗಿ ನಿವೇದಿಸಬಯಸುತ್ತೇವೆ.

ಇಂದು ತುರ್ಕಿ ದೇಶಕ್ಕೆ ಸೇರಿರುವ ದಕ್ಷಿಣ ಕರಾವಳಿಯಲ್ಲಿ ಹಿಂದೆ ಲಿಸಿಯಾ ಎಂಬ ರೋಮನ್ ಪ್ರಾಂತವಿತ್ತು. ಅಲ್ಲಿಯ ಪತಾರಾ ಎಂಬ ರೇವುಪಟ್ಟಣದಲ್ಲಿ, ಸುಮಾರು ಕ್ರಿ.ಶ. 270ರಲ್ಲಿ, ಸಿರಿವಂತರಾದ ಕ್ರೈಸ್ತ ದಂಪತಿಗಳಿಗೆ ನಿಕೋಲಾಸರು ಜನಿಸಿದರೆಂಬುದು ಪರಂಪರೆಯ ಮಾತು. ತಾರುಣ್ಯದಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡ ಅವರ ಪಾಲಿಗೆ ಅಪಾರ ಆಸ್ತಿ ಬಂದಿತು. ಅವರ ವಿಸ್ತಾರವಾದ ಜೀವನಚರಿತ್ರೆಯನ್ನು ಮಿಖಾಯೇಲ್ ಎಂಬ ಮಠಾಧಿಪತಿಯು ರಚಿಸಿದ್ದು ಒಂಬತ್ತನೆಯ ಶತಮಾನದಲ್ಲಿ. ಆದುದರಿಂದ ಮುಂದೆ ಬರುವ ಪ್ರಸಂಗಗಳನ್ನು ವಿಶ್ವಾಸಿಗಳು ತಲೆಮಾರುಗಳಿಂದ ಹೇಳಿಕೊಂಡು ಬಂದ ಕಥೆಗಳಂತೆಯೇ ವಾಚಕರು ಸ್ವೀಕರಿಸಬೇಕು.

ಅವುಗಳಲ್ಲಿ ಮೊದಲನೆಯದು ಮೂವರು ಹೆಣ್ಣುಮಕ್ಕಳ ಕಥೆ. ಅದೇ ಪಟ್ಟಣದಲ್ಲಿ ಒಂದು ಕಾಲಕ್ಕೆ ಬಾಳಿ ಬದುಕಿದ್ದ ಗೃಹಸ್ಥನೊಬ್ಬ ಸರ್ವಸ್ವವನ್ನೂ ಕಳೆದುಕೊಂಡು ಬಡತನಕ್ಕೆ ಬಿದ್ದನು. ಮದುವೆಯ ವಯಸ್ಸಿಗೆ ಬಂದ ಮೂವರು ಪುತ್ರಿಯರಿದ್ದರು, ಕೊಡಲು ವರದಕ್ಷಿಣೆಯಿರಲಿಲ್ಲ. ಕಡೆಗೆ ಆ ಮಕ್ಕಳ ಮಾನವನ್ನೇ ಮಾರಿ ಹೊಟ್ಟೆ ಹೊರೆಯುವ ಘೋರ ಆಲೋಚನೆಯೂ ಆ ತಂದೆಯ ಮನಸ್ಸಿನಲ್ಲಿ ಸುಳಿಯಿತು. ಈ ಸಂಕಟವನ್ನು ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಮೊಳಕಾಲ್ಮೂರಿನ ಮಗ್ಗದ ಮುಂದೆ ಕುಳಿತು ಪರರ ಮಗಳ ಧಾರೆಗೆ ರೇಷ್ಮೆ ಸೀರೆ ನೇಯುತ್ತಾ, ಸ್ವಂತ ಮಗಳ ಧಾರೆಗೆ ಸಾಲ ಎಲ್ಲಿ ಹುಟ್ಟೀತೆಂದು ಎಣಿಕೆ ಹಾಕುವ ತಂದೆ ಯಾವ ಕಾಲಕ್ಕೂ ಇದ್ದಾನೆ. 1961ರಲ್ಲಿ ವರದಕ್ಷಿಣೆ ನಿಷೇಧದ ಕಾಯಿದೆ ಬಂದ ಮೇಲೂ ಇದ್ದಾನೆ.

ಸುದ್ದಿ ತಿಳಿದ ನಿಕೋಲಾಸರು ಹಗಲಿನಲ್ಲಿ ಹೋಗಿ ಉಪದೇಶ ಮಾಡಲಿಲ್ಲ. ನಾಲ್ಕು ಜನರನ್ನು ಕೂಡಿಸಿ ದಾನ ಮಾಡಲೂ ಇಲ್ಲ. ರಾತ್ರಿ ಊರು ಮಲಗಿದ ಮೇಲೆ ಚಿನ್ನದ ಗಂಟೊಂದನ್ನು ಕಿಟಕಿಯೊಳಗೆ ಎಸೆದು ಮರಳಿದರು. ಬೆಳಗಾದಾಗ ತಂದೆಯ ಕಣ್ಣೀರಿಗೆ ಪಾರವಿರಲಿಲ್ಲ. ಹಿರಿಯ ಮಗಳ ಮದುವೆ ನೆರವೇರಿತು. ಎರಡನೆಯ ಗಂಟಿನಿಂದ ಎರಡನೆಯವಳ ಮದುವೆಯಾಯಿತು. ಮೂರನೆಯ ಸಲ ಆ ತಂದೆ ನಿದ್ದೆಗೆಟ್ಟು ಕಾದು ಕುಳಿತನು. ಗಂಟು ಬಿದ್ದ ಸಪ್ಪಳಕ್ಕೆ ಹೊರಗೋಡಿ, ಕತ್ತಲೆಯಲ್ಲಿ ಸಾಗುತ್ತಿದ್ದವರನ್ನು ಹಿಡಿದು ಪಾದಕ್ಕೆರಗಿದನು. ತಾವು ಬದುಕಿರುವವರೆಗೆ ಈ ವಿಷಯವನ್ನು ಯಾರಿಗೂ ತಿಳಿಸಬಾರದೆಂದು ನಿಕೋಲಾಸರು ಅವನಿಂದ ಮಾತು ತೆಗೆದುಕೊಂಡರಂತೆ. ಸಂತರ ಚಿತ್ರಪಟಗಳಲ್ಲಿ ಅವರ ಕೈಯಲ್ಲಿ ಕಾಣುವ ಮೂರು ಚಿನ್ನದ ಉಂಡೆಗಳು ಈ ಮೂರು ಗಂಟುಗಳೇ. ಚಿನ್ನವು ಒಲೆಯ ಬಳಿ ಒಣಹಾಕಿದ್ದ ಕಾಲುಚೀಲದೊಳಗೆ ಬಿದ್ದಿತೆಂಬ ಮಾತು ಬಹಳ ಕಾಲದ ಮೇಲೆ ಸೇರಿಕೊಂಡದ್ದು.

ಅನಂತರ ಅವರು ಸಮೀಪದ ಮೈರಾ ನಗರಕ್ಕೆ ಧರ್ಮಾಧ್ಯಕ್ಷರಾದರು. ಡಯೋಕ್ಲೀಷಿಯನ್ ಚಕ್ರವರ್ತಿಯ ಕಾಲದ ಹಿಂಸಾಚಾರದಲ್ಲಿ ಸೆರೆವಾಸವನ್ನು ಅನುಭವಿಸಿದರೆಂದೂ, ಕಾನ್‌ಸ್ಟಂಟೈನನ ಕಾಲದಲ್ಲಿ ಬಿಡುಗಡೆ ಹೊಂದಿದರೆಂದೂ ಹೇಳುವರು. 325ರ ನೈಸಿಯಾ ಮಹಾಸಭೆಯಲ್ಲಿ ಪಾಲ್ಗೊಂಡವರ ಕೆಲವು ಪಟ್ಟಿಗಳಲ್ಲಿ ಅವರ ಹೆಸರುಂಟು. ಅಲ್ಲಿ ಆರಿಯಸನ ಕೆನ್ನೆಗೆ ಹೊಡೆದರೆಂಬ ಕಥೆ ತೀರ ಈಚಿನದು. ಕೇಳಲು ರಂಜಕವಾದರೂ ನಾವದನ್ನು ಒತ್ತಿ ಹೇಳೆವು.

ಕ್ಷಾಮದ ಕಥೆ ಮಾತ್ರ ನಮಗೆ ಹತ್ತಿರವಾದುದು. ಕರ್ನಾಟಕದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆಯೂ ಒಂದಲ್ಲವೇ? ಮೈರಾದಲ್ಲಿ ಬರಗಾಲ ಬಿದ್ದಿದ್ದಾಗ, ಅಲೆಕ್ಸಾಂಡ್ರಿಯದಿಂದ ರಾಜಧಾನಿಗೆ ಗೋಧಿ ಸಾಗಿಸುತ್ತಿದ್ದ ಹಡಗುಗಳು ರೇವಿಗೆ ಬಂದವು. ಪ್ರತಿಯೊಂದು ಹಡಗಿನಿಂದಲೂ ಸ್ವಲ್ಪ ಸ್ವಲ್ಪ ಕಾಳು ಇಳಿಸಬೇಕೆಂದು ಧರ್ಮಾಧ್ಯಕ್ಷರು ಕೇಳಿಕೊಂಡರು. ಅಳತೆ ಕಡಿಮೆ ಬಿದ್ದರೆ ಅರಸನ ಅಧಿಕಾರಿಗಳು ಸುಮ್ಮನೆ ಬಿಡರೆಂದು ನಾವಿಕರು ಹೆದರಿದರು. ಸಂತರು ಧೈರ್ಯ ಹೇಳಿದ ಮೇಲೆ ಇಳಿಸಿದರು. ರಾಜಧಾನಿಯಲ್ಲಿ ಅಳೆದು ನೋಡಿದಾಗ ಒಂದು ಸೇರೂ ಕಡಿಮೆಯಿರಲಿಲ್ಲ. ಮೈರಾದ ಜನ ಆ ಗೋಧಿಯನ್ನು ಉಂಡದ್ದಲ್ಲದೆ ಬಿತ್ತನೆಗೂ ಉಳಿಸಿಕೊಂಡರಂತೆ. ಬಿತ್ತನೆಯ ಮಾತನ್ನು ಕಥೆಯೊಳಗೆ ಸೇರಿಸಿದವನು ರೈತನೇ ಇರಬೇಕು!

ನಾಲ್ಕನೆಯ ಶತಮಾನದ ನಡುಭಾಗದಲ್ಲಿ, ಡಿಸೆಂಬರ್ 6ರಂದು, ಅವರು ದೈವಾಧೀನರಾದರು. 1087ರಲ್ಲಿ ಇಟಲಿಯ ಬಾರಿ ಪಟ್ಟಣದ ನಾವಿಕರು ಅವರ ಅವಶೇಷಗಳನ್ನು ತಮ್ಮೂರಿಗೆ ಒಯ್ದರು. ಅಲ್ಲಿಯ ಮಹಾದೇವಾಲಯದಲ್ಲಿ ಅವು ಇಂದಿಗೂ ಇವೆ.

ಯುರೋಪಿನ ಮಕ್ಕಳು ಸಂತರ ಹಬ್ಬವನ್ನು ತಮ್ಮದಾಗಿಸಿಕೊಂಡರು. ಹಾಲೆಂಡಿನಲ್ಲಿ ಡಿಸೆಂಬರ್ 5ರ ಸಂಜೆಯೇ ಕೊಡುಗೆಗಳ ಸಂಭ್ರಮ. ಅದಕ್ಕೂ ಮುಂಚಿನ ದಿನಗಳಲ್ಲಿ ಮಕ್ಕಳು ಸಂತರ ಕುದುರೆಗೆಂದು ತಮ್ಮ ಪಾದರಕ್ಷೆಯಲ್ಲಿ ಹುಲ್ಲನ್ನೋ ಗಜ್ಜರಿಯನ್ನೋ ಇಟ್ಟು ಮಲಗುತ್ತಾರೆ. ಸಂತರ ಗೌರವಕ್ಕೆ ಒಪ್ಪದ ಜರ್ಮನಿಯ ಪ್ರಾಟೆಸ್ಟಂಟರು ಕೊಡುಗೆ ತರುವ ಕಾರ್ಯವನ್ನು ಬಾಲಯೇಸುವಿಗೆ ವಹಿಸಿದರು. ಸ್ಪೇನಿನಲ್ಲಿ ಜನವರಿ 6ರ ಮೂರು ರಾಯರ ಹಬ್ಬಕ್ಕೆ ಆ ರಾಯರೇ ಕೊಡುಗೆ ತರುವವರು. ಇಟಲಿಯಲ್ಲಿ ಅದೇ ಹಬ್ಬದ ಹಿಂದಿನ ರಾತ್ರಿ ಬೆಫಾನಾ ಎಂಬ ಮುದುಕಿ ಬರುತ್ತಾಳೆ. ಡಚ್ಚರ ಸಿಂಟರ್‌ಕ್ಲಾಸ್ ಎಂಬ ಹೆಸರೇ ಅಮೆರಿಕದಲ್ಲಿ ಸಾಂತಾ ಕ್ಲಾಸ್ ಆಯಿತು. 1823ರಲ್ಲಿ ಅಲ್ಲಿಯ ಪತ್ರಿಕೆಯಲ್ಲಿ ಅಚ್ಚಾದ ಕವಿತೆಯೊಂದು ಅವನಿಗೆ ಹಿಮಸಾರಂಗದ ಬಂಡಿ ಕೊಟ್ಟಿತು. 1863ರಿಂದ ಥಾಮಸ್ ನಾಸ್ಟ್ ಎಂಬ ಚಿತ್ರಕಾರ ಮೈಕಟ್ಟು ಕೊಟ್ಟನು. 1931ರಿಂದ ಕೋಕಾ ಕೋಲಾ ಜಾಹೀರಾತುಗಳು ಅವನನ್ನು ಲೋಕಕ್ಕೆಲ್ಲ ಪರಿಚಯಿಸಿದವು. ಧರ್ಮಾಧ್ಯಕ್ಷರ ಕಿರೀಟವೂ ದಂಡವೂ ದಾರಿಯಲ್ಲೆಲ್ಲೋ ಕಳಚಿಬಿದ್ದವು.

ಅದರ ಬಗ್ಗೆ ನಮಗೆ ಅಷ್ಟಾಗಿ ದುಃಖವಿಲ್ಲ. ಮಕ್ಕಳ ಸಂತೋಷಕ್ಕೆ ವೇಷ ಬೇಕು. ನಮಗೆ ಸರಿಕಾಣದಿರುವುದು ಬೇರೊಂದು: ಒಳ್ಳೆಯ ಮಕ್ಕಳಿಗೆ ಮಾತ್ರ ತಾತ ಕೊಡುಗೆ ತರುವನೆಂಬ ಮಾತು. ನೆರೆಮನೆಯ ಹುಡುಗನಿಗೆ ಸೈಕಲ್ಲು ಬಂದು ತನಗೆ ಬರಿಯ ಮಿಠಾಯಿ ಬಂದಾಗ, ಕೂಲಿಕಾರನ ಮಗು ತನ್ನ ನಡತೆಯ ಬಗ್ಗೆ ಏನೆಂದು ತಿಳಿಯಬೇಕು? ನಮ್ಮ ನೆಲದ ಹಬ್ಬಗಳಲ್ಲಿ ಈ ಪರೀಕ್ಷೆಯಿಲ್ಲ. ಗೌರಿ ಹಬ್ಬಕ್ಕೆ ತವರಿನಿಂದ ಬರುವ ಬಾಗಿನ, ರಂಜಾನಿನ ದಿನ ಮುಸ್ಲಿಂ ಬಾಂಧವರ ಮನೆಗಳಲ್ಲಿ ಹಿರಿಯರು ಮಕ್ಕಳ ಕೈಗಿಡುವ ಈದಿ, ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ಜಾತ್ರೆಗೆ ಹೊರಟ ಮೊಮ್ಮಕ್ಕಳಿಗೆ ಅಜ್ಜಿ ಸೆರಗಿನ ಗಂಟು ಬಿಚ್ಚಿ ಕೊಡುವ ಕಾಸು, ಇವು ಯಾವುವೂ ಮಗುವಿನ ನಡತೆಯನ್ನು ತೂಗಿ ನೋಡಿ ಕೊಡುವವಲ್ಲ. ಪತಾರಾದ ಕಿಟಕಿಯಿಂದ ಬಿದ್ದ ಗಂಟಾದರೂ ಅರ್ಹತೆಯನ್ನು ಕೇಳಿತ್ತೇ? ಆ ಹೆಣ್ಣುಮಕ್ಕಳ ಹೆಸರನ್ನು ಕೂಡ ಕಥೆ ಹೇಳುವುದಿಲ್ಲ. ಅವರಿಗೆ ಅಗತ್ಯವಿತ್ತೆಂಬುದಷ್ಟನ್ನೇ ಹೇಳುತ್ತದೆ.

ಸಂತರ ಹಬ್ಬವು ಕ್ರಿಸ್ಮಸ್ಸಿಗೆ ಹತ್ತೊಂಬತ್ತು ದಿನ ಮುಂಚೆ ಬರುತ್ತದೆ. ಆ ಹೊತ್ತಿಗೆ ನಮ್ಮ ಸೀಮೆಯಲ್ಲಿ ಶೇಂಗಾ ಕಿತ್ತು ಮುಗಿದಿರುತ್ತದೆ. ಯಾವ ಮನೆಯ ಚೀಲ ತುಂಬಿದೆ, ಯಾವ ಮನೆಗೆ ಬಿತ್ತನೆಯ ಖರ್ಚೂ ಹುಟ್ಟಿಲ್ಲ ಎಂಬುದು ಕೇರಿಯವರಿಗೆಲ್ಲ ಗೊತ್ತಿರುತ್ತದೆ.