ಸೀಟಿಗೆ ಜಾಗ ಹುಡುಕಿದ ಸ್ಟಾರ್ಲಿ

ಹಾಸ್ಟೆಲಿನಿಂದ ಕ್ಲಾಸಿಗೆ ನಾವು ತುಳಿಯೋ ಸೈಕಲ್ಲಿನ ಆಕಾರಕ್ಕೆ ಜಾನ್ ಕೆಂಪ್ ಸ್ಟಾರ್ಲಿಯನ್ನು ನೆನೆಯಬೇಕು. 1872ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಗೆ ಬಂದು, ಸಂಬಂಧಿ ಜೇಮ್ಸ್ ಸ್ಟಾರ್ಲಿಯ ಜೊತೆ ಕೆಲಸಕ್ಕೆ ನಿಂತ.

ಆಗ ಪೆಡಲ್ಲು ಮುಂದಿನ ಚಕ್ರಕ್ಕೇ ನೇರವಾಗಿ ಇರ್ತಿತ್ತು. ವೇಗ ಬೇಕಂದ್ರೆ ದೊಡ್ಡ ಚಕ್ರ, ಅದರ ನೆತ್ತಿಯ ಮೇಲೆ ಸೀಟು. ಕಾಲು ಗಿಡ್ಡ ಇದ್ದವನಿಗೆ ಚಿಕ್ಕ ಚಕ್ರವೇ ಗತಿ! ಕಲ್ಲು ಸಿಕ್ಕರೆ ತಲೆಕೆಳಗಾಗಿ ಬೀಳೋದು.

1885ರ ‘ರೋವರ್’ನಲ್ಲಿ ಸ್ಟಾರ್ಲಿ ಚೈನ್ ಹಾಕಿ ಹಿಂದಿನ ಚಕ್ರ ತಿರುಗಿಸಿದ. ಚೈನ್ ಅವನದೇ ಐಡಿಯಾ ಅಲ್ಲ ಬಿಡಿ. ಆದರೆ ಲೆಕ್ಕ ಶುರುಮಾಡಿದ್ದು ಕೂತವನ ಮೈಯಿಂದ: ನೆಲದಿಂದ ಎಷ್ಟು ಎತ್ತರ, ಪೆಡಲ್ಲಿಗೆ ಸೀಟು ಎಲ್ಲಿ, ಸೀಟಿಗೆ ಹ್ಯಾಂಡಲ್ ಎಷ್ಟು ದೂರ. ಸುಸ್ತು ಕಮ್ಮಿಯಾಗಿ ಬಲವೆಲ್ಲ ಪೆಡಲ್ಲಿಗೇ ಹೋಗಬೇಕು, ಸೀಟು ಅವರವರ ಕಾಲಿಗೆ ತಕ್ಕಂತೆ ಹೊಂದಬೇಕು.

1901ರಲ್ಲಿ ತೀರಿಹೋದ. ರೋವರ್ ಹೆಸರಿನ ಪೆಟ್ರೋಲ್ ಕಾರು ಬಂದದ್ದು ಆಮೇಲೆ, 1904ರಲ್ಲಿ.