ಕಾಲಿಗೆ ಹಾಕುವ ಆ ಕಬ್ಬಿಣದ ಬಳೆಗಳು ಏನು? ಡಾ. ಇಲಿಜಾರೋವ್ ಅವರ ಬದುಕಿನ ಕಥೆ

ಉಳ್ಳಾಲ, ತೊಕ್ಕೊಟ್ಟು, ದೇರಳಕಟ್ಟೆ ಕಡೆ ಓಡಾಡುವವರು ಕಾಲಿನ ಸುತ್ತ ಲೋಹದ ಬಳೆ ಹಾಕಿಸಿಕೊಂಡು ವಾಕರ್ ಹಿಡಿದು ನಡೆಯುವವರನ್ನು ನೋಡಿರಬಹುದು. ಚರ್ಮದ ಮೂಲಕ ಮೂಳೆಗೆ ತೂರಿದ ತಂತಿಗಳನ್ನು ಕಂಡರೆ ಯಾರಿಗಾದರೂ ಭಯವಾಗುತ್ತದೆ. ಇಷ್ಟು ನೋವು ಯಾಕೆ, ಕಾಲು ತೆಗೆಸಿಬಿಡುವುದೇ ಮೇಲು ಎಂದು ಸಲಹೆ ಕೊಡುವವರೂ ಇದ್ದಾರೆ. ಹಾಗಾಗಿ ಆ ಬಳೆಗಳ ಹಿಂದಿನ ಮನುಷ್ಯನ ಬಗ್ಗೆ ನಾವು ಇಂದು ತಿಳಿದುಕೊಳ್ಳೋಣ.

ಯಾರು ಈ ಇಲಿಜಾರೋವ್?

ಗವ್ರಿಲ್ ಇಲಿಜಾರೋವ್ ಹುಟ್ಟಿದ್ದು 1921ರಲ್ಲಿ, ಪೋಲೆಂಡ್‌ನಲ್ಲಿ. ಬೆಳೆದದ್ದು ಅಜರ್‌ಬೈಜಾನ್‌ನ ಗುಡ್ಡಗಾಡಿನ ಬಡ ಕುಟುಂಬದಲ್ಲಿ. ಎರಡನೇ ಮಹಾಯುದ್ಧದ ನಡುವೆ, 1944ರಲ್ಲಿ ವೈದ್ಯಕೀಯ ಪದವಿ ಮುಗಿಸಿ ಸೈಬೀರಿಯಾದ ಕುರ್ಗಾನ್ ಪ್ರದೇಶದ ಹಳ್ಳಿ ಆಸ್ಪತ್ರೆಗೆ ಹೋದರು. ಯುದ್ಧದಲ್ಲಿ ಮೂಳೆ ಪುಡಿಯಾಗಿ, ಕೀವು ತುಂಬಿ, ವರ್ಷಗಟ್ಟಲೆ ಗುಣವಾಗದ ಗಾಯಾಳುಗಳು ಆಗ ಎಲ್ಲೆಡೆ ಇದ್ದರು. ಪ್ಲಾಸ್ಟರ್ ಹಾಕಿದರೂ ಎಷ್ಟೋ ಮೂಳೆಗಳು ಕೂಡುತ್ತಿರಲಿಲ್ಲ.

1950ರ ದಶಕದ ಆರಂಭದಲ್ಲಿ ಅವರು ಬಳೆ, ತಂತಿ, ಸರಳುಗಳ ಚೌಕಟ್ಟು ರೂಪಿಸಿದರು. ಮೂಳೆ ಅಲುಗಾಡದಂತೆ ಹೊರಗಿನಿಂದಲೇ ಹಿಡಿದಿಡುವುದು ಇದರ ಕೆಲಸ. ರೋಗಿಯೊಬ್ಬ ತಪ್ಪಾಗಿ ನಟ್ ಉಲ್ಟಾ ತಿರುಗಿಸಿದಾಗ ಮೂಳೆಯ ಬಿರುಕಿನಲ್ಲಿ ಹೊಸ ಮೂಳೆ ಕಂಡಿತೆಂಬ ಕಥೆ ಪ್ರಸಿದ್ಧ. ಆದರೆ ಇದು ಬರೀ ಅದೃಷ್ಟವಲ್ಲ. ನಂತರ ಅವರು ನಾಯಿಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ಮಾಡಿ ಲೆಕ್ಕ ಹಿಡಿದರು: ಕತ್ತರಿಸಿದ ಮೂಳೆಯನ್ನು ದಿನಕ್ಕೆ 1 ಮಿಲಿಮೀಟರ್, ಅದನ್ನೂ 4 ಬಾರಿಯಾಗಿ ಹಂಚಿ ಎಳೆದರೆ ನಡುವೆ ಹೊಸ ಮೂಳೆ ಬೆಳೆಯುತ್ತದೆ. ಚರ್ಮ, ರಕ್ತನಾಳ, ನರಗಳೂ ಜೊತೆಗೆ ಹಿಗ್ಗುತ್ತವೆ.

ಮಾಸ್ಕೋದ ದೊಡ್ಡ ವೈದ್ಯರು ಬಹುಕಾಲ ನಂಬಲಿಲ್ಲ. ಹಳ್ಳಿ ಫಿಟ್ಟರ್ ಎಂಬಂತೆ ಕಂಡರು.

ಕ್ರೀಡಾಪಟು ತಂದ ತಿರುವು

ವಲೇರಿ ಬ್ರುಮೆಲ್ 1964ರ ಒಲಿಂಪಿಕ್ಸ್‌ನ ಹೈಜಂಪ್ ಚಿನ್ನ ಗೆದ್ದವರು. 1965ರಲ್ಲಿ ಬೈಕ್ ಅಪಘಾತದಲ್ಲಿ ಬಲಗಾಲು ನುಚ್ಚುನೂರಾಯಿತು. ಹಲವು ಆಪರೇಷನ್‌ಗಳ ನಂತರವೂ ಸರಿಯಾಗಲಿಲ್ಲ. 1968ರಲ್ಲಿ ಕುರ್ಗಾನ್‌ಗೆ ಬಂದರು. ಗುಣವಾಗಿ ಮತ್ತೆ 2 ಮೀಟರ್‌ಗೂ ಮೇಲೆ ಹಾರಿದರು! 1980ರಲ್ಲಿ ಇಟಲಿಯ ಸಾಹಸಿ ಕಾರ್ಲೋ ಮೌರಿ ಗುಣವಾದ ಮೇಲೆ, 1981ರಲ್ಲಿ ಇಲಿಜಾರೋವ್ ಇಟಲಿಯಲ್ಲಿ ಉಪನ್ಯಾಸ ಕೊಟ್ಟರು. ಅಲ್ಲಿಂದ ವಿಧಾನ ಜಗತ್ತಿಗೆ ಹರಡಿತು. ಅವರು ತೀರಿಕೊಂಡದ್ದು 1992ರಲ್ಲಿ.

ನಮಗೆ ಇದರಿಂದ ಏನು?

ಈ ಬಳೆ ಪವಾಡವಲ್ಲ. ಪಾದ ಜಜ್ಜಿಹೋದಾಗ ರಕ್ತ ಸಂಚಾರ ಉಳಿದಿದೆಯೇ, ಗಾಯ ಮುಚ್ಚಲು ಬೇರೆಡೆಯ ಚರ್ಮ ಬೇಕೇ ಎಂದು ವೈದ್ಯರು ಮೊದಲು ನೋಡುತ್ತಾರೆ. ಕೆಲವರಿಗೆ ಕಾಲು ತೆಗೆಯುವುದೇ ಸರಿಯಾದ ದಾರಿ. 5 ಸೆಂಟಿಮೀಟರ್ ಮೂಳೆ ಬೆಳೆಯಲು ಎಳೆತಕ್ಕೇ ಸುಮಾರು 50 ದಿನ, ಗಟ್ಟಿಯಾಗಲು ಇನ್ನೂ ಹಲವು ತಿಂಗಳು ಬೇಕು. ತಂತಿ ಚುಚ್ಚಿದ ಜಾಗ ಶುಚಿಯಾಗಿರಬೇಕು. ಬೀಡಿ, ಸಿಗರೇಟು ಬಿಡಬೇಕು, ಅವು ಮೂಳೆ ಕೂಡುವುದನ್ನು ತಡೆಯುತ್ತವೆ.

ಅಪಘಾತವಾದರೆ ಗಾಯಕ್ಕೆ ಕಾಫಿ ಪುಡಿ, ಅರಿಶಿನ ಹಾಕಬೇಡಿ. ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದು ಬೇಗ ಆಸ್ಪತ್ರೆಗೆ ಒಯ್ಯಿರಿ. ಬಳೆ ಹಾಕಿಸಿಕೊಂಡವರು ಮನೆಯಲ್ಲಿದ್ದರೆ ಅವರನ್ನು ಹೆದರಿಸಬೇಡಿ. ಫಾರ್ವರ್ಡ್ ಮಾಡುವುದಾದರೆ ಇದನ್ನೇ ಮಾಡಿ.